ಫೈಬ್ರೊಮಯಾಲ್ಜಿಯಾ ಟ್ರಯಲ್ ಬಿಟ್ಟು ಹೋದವರನ್ನು ದೂರಬೇಡಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಆರೋಗ್ಯ ಪುರವಣಿಯಲ್ಲಿ ಫೈಬ್ರೊಮಯಾಲ್ಜಿಯಾ, ಅಂದರೆ ಮೈತುಂಬಾ ನೋವು, ಸುಸ್ತು, ನಿದ್ದೆಯ ತೊಂದರೆ ತರುವ ದೀರ್ಘಕಾಲದ ಕಾಯಿಲೆಯ ಬಗ್ಗೆ ಬಂದ ಲೇಖನ ಓದಿದೆ. ಲಕ್ಷಣ, ನಿದ್ದೆ, ವ್ಯಾಯಾಮ ಎಲ್ಲದರ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಕೊನೆಯ ಒಂದು ಸಾಲು ಮಾತ್ರ ಸರಿ ಅನ್ನಿಸಲಿಲ್ಲ. ಹೊಸ ಔಷಧಿಗಳು ಬರದೇ ಇರುವುದಕ್ಕೆ ರೋಗಿಗಳು, ಔಷಧಿ, ಚಿಕಿತ್ಸೆಗಳನ್ನು ಜನರ ಮೇಲೆ ಪರೀಕ್ಷಿಸಿ ನೋಡುವ ಕ್ಲಿನಿಕಲ್ ಟ್ರಯಲ್‌ಗಳನ್ನು ಅರ್ಧಕ್ಕೇ ಬಿಡುವುದೂ ಒಂದು ಕಾರಣ ಎಂದಿದ್ದಾರೆ. ಬಿಡುತ್ತಾರೆ, ನಿಜ. ಆದರೆ ಯಾಕೆ ಬಿಡುತ್ತಾರೆ ಅಂತ ಕೇಳದೆ ಬರೆದರೆ ತಪ್ಪೆಲ್ಲ ಅವರ ತಲೆಗೇ ಬರುತ್ತದೆ ಅಲ್ವಾ? ನಾನು ಬೆಂಗಳೂರಿನಲ್ಲಿ ಟ್ರಯಲ್ ಕೋಆರ್ಡಿನೇಟರ್ ಆಗಿ ಕೆಲಸ ಮಾಡುತ್ತೇನೆ. ಪೇಷಂಟ್‌ಗಳಿಗೆ ಫೋನ್ ಮಾಡುವುದು, ಫಾರಂ ತುಂಬಿಸುವುದು, ಬರದೇ ಇದ್ದರೆ ಯಾಕೆ ಬರಲಿಲ್ಲ ಅಂತ ವಿಚಾರಿಸುವುದು ನನ್ನ ಕೆಲಸ. ಹಾಗಾಗಿ ಈ ಪತ್ರ.

ಮೊದಲು, ಈ ಕಾಯಿಲೆಯವರು ಟ್ರಯಲ್‌ವರೆಗೆ ಬರುವುದೇ ಕಷ್ಟ. ಎಕ್ಸ್‌ರೇ ನಾರ್ಮಲ್, ರಕ್ತ ಪರೀಕ್ಷೆ ನಾರ್ಮಲ್. ಮೂಳೆ ಡಾಕ್ಟರು ನರದ ಡಾಕ್ಟರ ಹತ್ತಿರ ಕಳಿಸುತ್ತಾರೆ, ಅವರು ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಮನೆಯಲ್ಲಿ ‘ಗುಂಡುಕಲ್ಲಿನ ಹಾಗಿದ್ದೀಯ, ನಿಂಗೇನಾಗಿದೆ’ ಅನ್ನುತ್ತಾರೆ. ವರ್ಷಗಟ್ಟಲೆ ಅಲೆದ ಮೇಲೆ ಯಾರೋ ಒಬ್ಬರು ಕಾಯಿಲೆಗೆ ಹೆಸರಿಡುತ್ತಾರೆ. ಆ ಹೆಸರು ಸಿಗದವರು ನಮ್ಮ ಪಟ್ಟಿಗೆ ಬರುವುದೇ ಇಲ್ಲ. 1990ರ ಅಮೆರಿಕನ್ ಮಾನದಂಡದ ಪ್ರಕಾರ ಮೈಮೇಲಿನ 18 ಜಾಗ ಒತ್ತಿ ನೋಡಿ, ಕನಿಷ್ಠ 11ರಲ್ಲಿ ನೋವಿದ್ದರೆ ಮಾತ್ರ ಫೈಬ್ರೊಮಯಾಲ್ಜಿಯಾ. 2010ರಲ್ಲಿ ಅದನ್ನು ಬದಲಾಯಿಸಿ, ನೋವು ಎಲ್ಲೆಲ್ಲಿದೆ ಅನ್ನುವುದರ ಜೊತೆಗೆ ಸುಸ್ತು, ನಿದ್ದೆ, ಮರೆವು ಇವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಒಳ್ಳೆಯದೇ ಆಯಿತು. ಆದರೆ ಟ್ರಯಲ್‌ಗೆ ಸೇರಿಸಿಕೊಳ್ಳಬಹುದಾ ಅಂತ ನೋಡುವ ಸ್ಕ್ರೀನಿಂಗ್‌ಗೆ ಬಂದರೆ ಇನ್ನೊಂದು ಗೋಡೆ. ಖಿನ್ನತೆಗೆ ಮಾತ್ರೆ ತಗೋತಿದ್ದೀರಾ, ಬೇಡ. ಇನ್ನೊಂದು ವಾತದ ಕಾಯಿಲೆ ಇದೆಯಾ, ಬೇಡ. ನಿಜವಾದ ಫೈಬ್ರೊಮಯಾಲ್ಜಿಯಾ ಪೇಷಂಟ್‌ಗೆ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ ಅನ್ನುವಷ್ಟು ಸಾಮಾನ್ಯ. ಕೆಲವು ನಿಯಮ ಸುರಕ್ಷತೆಗೆ ಬೇಕೇ ಬೇಕು, ಒಪ್ಪುತ್ತೇನೆ. ಉಳಿದವು ಲೆಕ್ಕ ಸುಲಭವಾಗಲಿ ಅಂತ ಹಾಕಿದ್ದು.

ಈಗ ಬಿಟ್ಟು ಹೋಗುವವರ ವಿಷಯ. ಹಲವು ಔಷಧಿ ಟ್ರಯಲ್‌ಗಳಲ್ಲಿ ವಾಷ್‌ಔಟ್ ಅಂತ ಒಂದು ಅವಧಿ ಇರುತ್ತದೆ. ಅಂದರೆ ಹೊಸ ಮಾತ್ರೆ ಶುರುವಾಗುವ ಮೊದಲು ಹಳೇ ಮಾತ್ರೆಗಳನ್ನು ನಿಲ್ಲಿಸಬೇಕು. ಅಷ್ಟೋ ಇಷ್ಟೋ ನಿದ್ದೆ ಕೊಡುತ್ತಿದ್ದ ಮಾತ್ರೆ ನಿಂತ ಮೇಲೆ ಆ ವಾರಗಳು ಹೇಗಿರುತ್ತವೆ ಅಂತ ಅನುಭವಿಸಿದವರಿಗೇ ಗೊತ್ತು. ಅಷ್ಟೆಲ್ಲ ಆದಮೇಲೆ ಸಿಗುವುದು ಪ್ಲಸೀಬೊ, ಅಂದರೆ ಔಷಧಿ ಇಲ್ಲದ ಮಾತ್ರೆಯೂ ಇರಬಹುದು. ಔಷಧಿಯೇ ಸಿಕ್ಕಿದರೂ ತೊಂದರೆ ತಪ್ಪಿದ್ದಲ್ಲ. ಈ ಕಾಯಿಲೆಗೆ ಕೊಡುವ ಪ್ರಿಗಾಬಲಿನ್ ಅನ್ನುವ ಔಷಧಿಯ ಟ್ರಯಲ್‌ಗಳಲ್ಲಿ ಅಡ್ಡ ಪರಿಣಾಮದಿಂದಲೇ ಬಿಟ್ಟವರು ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 19, ಪ್ಲಸೀಬೊದವರಲ್ಲಿ ನೂರಕ್ಕೆ 10. ಮುಖ್ಯವಾಗಿ ತಲೆ ಸುತ್ತು, ಮಂಪರು. ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಹೊರಡಿಸಬೇಕಾದ ತಾಯಿ ಮಂಪರಿನಲ್ಲಿ ಒಲೆ ಮುಂದೆ ನಿಲ್ಲಬೇಕಾ? ಬಿಟ್ಟಿದ್ದೇ ಸರಿ.

ಇದರಿಂದ ಟ್ರಯಲ್‌ಗೂ ಪೆಟ್ಟು ಬೀಳುತ್ತದೆ. ಜಾಸ್ತಿ ನೋವಿರುವವರು, ಜಾಸ್ತಿ ದೂರದವರು, ಮನೆಯಲ್ಲಿ ಆಸರೆ ಇಲ್ಲದವರು ಮೊದಲು ಹೋಗುತ್ತಾರೆ. ಉಳಿದವರು ಮೊದಲೇ ಸ್ವಲ್ಪ ಗಟ್ಟಿ ಇದ್ದವರು. ಅವರನ್ನಷ್ಟೇ ನೋಡಿ ಔಷಧಿ ಕೆಲಸ ಮಾಡಿತು ಅಂದರೆ ಅದು ಪೂರ್ತಿ ಸತ್ಯ ಆಗುವುದಿಲ್ಲ. ಬಿಟ್ಟವರಿಗೆ ಏನೂ ಗುಣ ಕಾಣಲಿಲ್ಲ ಅಂತ ಲೆಕ್ಕ ಹಿಡಿಯುವ ಪದ್ಧತಿಯೂ ಇದೆ, ಆದರೆ ಅದು ಊಹೆ. ಅವರಿಗೆ ನಿಜವಾಗಿ ಏನಾಯಿತು ಅಂತ ಅದರಿಂದ ತಿಳಿಯುವುದಿಲ್ಲ. ಈ ಕಾಯಿಲೆಗೆ ಒಪ್ಪಿಗೆ ಸಿಕ್ಕ ಔಷಧಿಗಳೇ ಕಡಿಮೆ. ಅಮೆರಿಕದಲ್ಲಿ 2007ರಲ್ಲಿ ಪ್ರಿಗಾಬಲಿನ್, 2008ರಲ್ಲಿ ಡುಲಾಕ್ಸೆಟಿನ್, 2009ರಲ್ಲಿ ಮಿಲ್ನಾಸಿಪ್ರಾನ್‌ಗೆ ಒಪ್ಪಿಗೆ ಸಿಕ್ಕಿತು. ಯುರೋಪಿನ ಔಷಧ ಸಂಸ್ಥೆ ಈ ಮೂರನ್ನೂ ಈ ಕಾಯಿಲೆಗೆ ಒಪ್ಪಲಿಲ್ಲ. ಅಮೆರಿಕದಲ್ಲಿ ನಾಲ್ಕನೆಯದಕ್ಕೆ 2025ರವರೆಗೆ ಕಾಯಬೇಕಾಯಿತು. ಅದೂ ಸೈಕ್ಲೋಬೆಂಜಪ್ರಿನ್ ಅನ್ನುವ ಹಳೇ ಔಷಧಿಯೇ, ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯ ರೂಪದಲ್ಲಿ. ಇಂಥ ಕಡೆ ಒಬ್ಬೊಬ್ಬ ಪೇಷಂಟ್ ಕೊಡುವ ಮಾಹಿತಿಯೂ ಅಮೂಲ್ಯ.

ನಮ್ಮಲ್ಲಿಗೆ ತುಮಕೂರು ಕಡೆಯಿಂದ ಒಬ್ಬರು ಬರುತ್ತಿದ್ದರು. ದಿನಾ ಸಂಜೆ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಬರೆಯಿರಿ ಅಂತ ಡೈರಿ ಕೊಟ್ಟಿದ್ದೆವು. ‘ಮೇಡಂ, ಯಾವ ನೋವಿಗೆ ನಂಬರು? ಕುತ್ತಿಗೇದಾ, ಸೊಂಟದ್ದಾ? ಬೆಳಿಗ್ಗೆ ಇದ್ದಿದ್ದಾ, ಈಗಿರೋದಾ?’ ಅಂತ ಕೇಳಿದರು. ಫಾರಂ ಮಾಡಿದವರು ಅದಕ್ಕೆ ಉತ್ತರ ಬರೆದಿರಲೇ ಇಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ, ದೊಡ್ಡ ಉಪಕಾರ ಅದು. ಆದರೆ ಸೀಟು ಸಿಗಬೇಕಲ್ಲ. ನಿಂತುಕೊಂಡೇ ಬಂದು, ಮೆಟ್ಟಿಲು ಹತ್ತಿ, ಕಾರಿಡಾರಿನ ಕಬ್ಬಿಣದ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತು, ಆಮೇಲೆ ಪುಟಗಟ್ಟಲೆ ಪ್ರಶ್ನೆಗಳಿಗೆ ಉತ್ತರ ಕೊಟ್ಟು ವಾಪಸ್ ಹೋದರೆ ಮುಂದಿನ ಎರಡು ದಿನ ಮೇಲೇಳುವುದಕ್ಕೆ ಆಗುವುದಿಲ್ಲ ಅಂತ ಅವರೇ ಹೇಳಿದ್ದು. ಆ ಎರಡು ದಿನದ ನೋವನ್ನೂ ಡೈರಿ ಔಷಧಿಯ ಲೆಕ್ಕಕ್ಕೇ ಸೇರಿಸುತ್ತದೆ! ಕೊನೆಗೆ ಅವರು ಬರುವುದನ್ನು ನಿಲ್ಲಿಸಿದರು. ಫೈಲಿನಲ್ಲಿ ಕಾರಣದ ಜಾಗದಲ್ಲಿ ‘ಸ್ವಇಚ್ಛೆಯಿಂದ’ ಅಂತ ಟಿಕ್ ಬಿತ್ತು. ಆ ಟಿಕ್ ನೋಡಿದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಪ್ರಶ್ನೆಗಳಾದರೂ ಎಂಥವು. ಈ ಕಾಯಿಲೆಗೆ ಬಹಳ ಬಳಸುವ 1991ರ ಪ್ರಶ್ನಾವಳಿಯ ಮೂಲ ರೂಪದಲ್ಲಿ ಕಾರು ಓಡಿಸಲು ಆಗುತ್ತದಾ, ವ್ಯಾಕ್ಯೂಮ್ ಕ್ಲೀನರಿನಿಂದ ಜಮಖಾನೆ ಗುಡಿಸಲು ಆಗುತ್ತದಾ ಅಂತೆಲ್ಲ ಇದೆ. ನಮ್ಮ ಹೆಂಗಸರನ್ನು ಕೇಳಬೇಕಾದ್ದು ಮುದ್ದೆ ತಿರುವುವುದಕ್ಕೆ, ರೊಟ್ಟಿ ತಟ್ಟುವುದಕ್ಕೆ, ನೀರಿನ ಕೊಡ ಎತ್ತುವುದಕ್ಕೆ ಆಗುತ್ತದಾ ಅಂತ. ತನ್ನ ಬದುಕೇ ಇಲ್ಲದ ಫಾರಂ ತುಂಬುವುದಕ್ಕೆ ಯಾರಿಗಾದರೂ ಎಷ್ಟು ದಿನ ಉತ್ಸಾಹ ಇರುತ್ತದೆ?

ಹೀಗೇ ಇರಬೇಕು ಅಂತೇನೂ ಇಲ್ಲ. ಬಾಸ್ಟನ್ನಿನ ಟಫ್ಟ್ಸ್ ಮೆಡಿಕಲ್ ಸೆಂಟರಿನವರು 226 ಜನ ಪೇಷಂಟ್‌ಗಳ ಮೇಲೆ ತಾಯ್ ಚಿ ಅನ್ನುವ ಚೀನಾದ ನಿಧಾನ ಚಲನೆಯ ವ್ಯಾಯಾಮವನ್ನೂ, ಎದೆ ಬಡಿತ ಏರಿಸುವ ಏರೋಬಿಕ್ ವ್ಯಾಯಾಮವನ್ನೂ ಹೋಲಿಸಿ ನೋಡಿ 2018ರಲ್ಲಿ ಪ್ರಕಟಿಸಿದರು. ತಾಯ್ ಚಿ ಗುಂಪಿನಲ್ಲಿ ಹಾಜರಾತಿ ನೂರಕ್ಕೆ 62, ಏರೋಬಿಕ್‌ನಲ್ಲಿ ನೂರಕ್ಕೆ 40. ಎರಡೂ ಕಡೆ ಅದೇ ಕಾಯಿಲೆಯವರು. ಮೈಗೆ ಒಗ್ಗುವ, ನಿಧಾನದ ವ್ಯಾಯಾಮಕ್ಕೆ ಜನ ಹೆಚ್ಚು ಬಂದರು ಅಂತಲೇ ನಾನು ಓದಿಕೊಂಡೆ. ಅಯೋವಾ ವಿಶ್ವವಿದ್ಯಾಲಯದವರು ನೋವಿಗೆ ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡುವ ಟೆನ್ಸ್ ಯಂತ್ರದ ಇನ್ನೊಂದು ಟ್ರಯಲ್‌ಗೆ ಪೇಷಂಟ್‌ಗಳನ್ನು ತಮ್ಮಲ್ಲಿಗೆ ಕರೆಸಿಕೊಳ್ಳಲಿಲ್ಲ, ಅವರು ಮೊದಲೇ ಹೋಗುತ್ತಿದ್ದ ಫಿಸಿಯೋಥೆರಪಿ ಕ್ಲಿನಿಕ್ಕುಗಳಲ್ಲೇ ಟ್ರಯಲ್ ಇಟ್ಟರು. ನಮ್ಮಲ್ಲೂ ಯಾಕಾಗಬಾರದು? ಊರೂರಲ್ಲಿ ಫಿಸಿಯೋ ಕ್ಲಿನಿಕ್ಕುಗಳಿವೆ. ಎರಡು ವಿಸಿಟ್ ಆಸ್ಪತ್ರೆಯಲ್ಲಿ, ಉಳಿದದ್ದು ಅಲ್ಲೇ ಅಥವಾ ಫೋನಿನಲ್ಲಿ ಮಾಡಬಹುದು. ನೋವು ಉಲ್ಬಣಿಸಿದ ದಿನ ತಾರೀಕು ಹಿಂದೆ ಮುಂದೆ ಹಾಕಿಕೊಳ್ಳಲು ಒಂದು ವಾರದ ಸಡಿಲಿಕೆ ಕೊಡಬಹುದು. ಒಂದು ದಿನ ತಪ್ಪಿದ ಕೂಡಲೇ ಬೈಯುವ ದನಿಯಲ್ಲಿ ಫೋನ್ ಮಾಡದೆ ‘ಹೇಗಿದ್ದೀರಮ್ಮಾ’ ಅಂತ ಶುರು ಮಾಡಬಹುದು.

ದುಡ್ಡಿನ ಮಾತೂ ಇದೆ. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲೇ ಇದೆ. ಬಂದು ಹೋಗುವ ಖರ್ಚು, ಕಳೆದುಹೋದ ಕೂಲಿ ಕೊಡಬಹುದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಹೇಳುತ್ತದೆ. ಜೊತೆಗೆ ಬರುವ ಗಂಡನೋ ಮಗನೋ ಒಂದು ದಿನದ ಕೆಲಸ ಬಿಟ್ಟೇ ಬರುವುದು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ದುಡ್ಡಿನ ಆಸೆ ತೋರಿಸಿ ಹಿಡಿದಿಟ್ಟುಕೊಳ್ಳುವುದು ಬೇರೆ, ಖರ್ಚು ಕೊಡುವುದು ಬೇರೆ. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೂ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಅಂತ ಪ್ರತಿ ವಿಸಿಟ್‌ನಲ್ಲೂ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿದರೆ ಎಲ್ಲರೂ ಎದ್ದು ಹೋಗುತ್ತಾರೆ ಅಂತ ಕೆಲವರಿಗೆ ಭಯ. ನಾನು ಕಂಡಂತೆ ಹಾಗೆ ಹೇಳಿದಾಗಲೇ ನಂಬಿಕೆ ಹುಟ್ಟಿ ಉಳಿಯುತ್ತಾರೆ. ಮತ್ತೆ, ಟ್ರಯಲ್ ಮುಗಿದ ಮೇಲೆ ಫಲಿತಾಂಶ ಏನು ಬಂತು ಅಂತ ಒಂದು ಹಾಳೆ ಕನ್ನಡದಲ್ಲಿ ಬರೆದು ಅವರಿಗೆ ಕಳಿಸಿ. ‘ನಮ್ಮಿಂದ ಏನಾದರೂ ಉಪಯೋಗ ಆಯ್ತಾ ಮೇಡಂ?’ ಅಂತ ತಿಂಗಳುಗಳ ನಂತರ ಫೋನ್ ಮಾಡಿ ಕೇಳುವವರಿದ್ದಾರೆ.

ಓದುಗರಿಗೆ ಒಂದು ಮಾಹಿತಿ. ದೇಶದಲ್ಲಿ ನಡೆಯುವ ಟ್ರಯಲ್‌ಗಳ ವಿವರ ಸಿಟಿಆರ್‌ಐ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ 2007ರಿಂದ ಸಿಗುತ್ತದೆ, ಯಾರು ಬೇಕಾದರೂ ಹುಡುಕಿ ನೋಡಬಹುದು. ಸೇರುವ ಮೊದಲು ಅಲ್ಲಿ ನೋಂದಣಿ ಆಗಿದೆಯಾ ನೋಡಿಕೊಳ್ಳಿ, ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲೇ ಕೇಳಿ, ಅದರ ಒಂದು ಪ್ರತಿ ಮನೆಗೆ ತೆಗೆದುಕೊಂಡು ಹೋಗಿ.

ಟ್ರಯಲ್ ನಡೆಸಲು ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗಳಲ್ಲಿ ವೈದ್ಯರಲ್ಲದ ಸಾಮಾನ್ಯ ಸದಸ್ಯರೊಬ್ಬರು ಇರುತ್ತಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಇನ್ನು ಮುಂದೆ ಫೈಬ್ರೊಮಯಾಲ್ಜಿಯಾ ಟ್ರಯಲ್ ನಿಮ್ಮ ಮುಂದೆ ಬಂದರೆ, ವಿಸಿಟ್ ಇರುವ ದಿನ ಆ ಹೆಣ್ಣುಮಗಳು ಎಷ್ಟು ಹೊತ್ತಿಗೆ ಮನೆ ಬಿಡಬೇಕು, ಎಲ್ಲಿ ಕೂರಬೇಕು, ಎಷ್ಟು ಹೊತ್ತಿಗೆ ವಾಪಸ್ ಮುಟ್ಟುತ್ತಾರೆ ಅಂತ ಕೇಳಿ. ಉತ್ತರ ಸಿಗುವವರೆಗೆ ಒಪ್ಪಿಗೆ ಕೊಡಬೇಡಿ.

ಇಂತಿ,
ಒಬ್ಬ ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್, ಬೆಂಗಳೂರು