ನವೆಂಬರ್ 1ಕ್ಕೆ ಎರಡು ಸಾಲು

ಆತ್ಮೀಯ ಓದುಗರೇ,

ಈ ಸಲದ ರಾಜ್ಯೋತ್ಸವ ಸಂಚಿಕೆಯ ಮಕ್ಕಳ ಪುಟಕ್ಕೆ ‘ಚರಿತ್ರೆಯಲ್ಲಿ ಈ ದಿನ’ ಎಂಬ ಪಟ್ಟಿ ಬೇಕಿತ್ತು. ಈ ಕೊಲ್ಲಿ ನಾಡಿನ ನಮ್ಮ ಸಂಘದ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ನಾನು ಮಾಡಿಕೊಡುತ್ತೇನೆ ಎಂದಳು. ಎರಡೇ ದಿನದಲ್ಲಿ ಗೆರೆ ಹಾಳೆಯ ಮೇಲೆ ನೀಟಾಗಿ ಬರೆದು ತಂದಳು. ಇಸವಿಗಳೆಲ್ಲ ಕೆಂಪು ಶಾಯಿ, ಉಳಿದದ್ದು ನೀಲಿ.

ಒಳ್ಳೆಯ ಪಟ್ಟಿ. 1512ರ ನವೆಂಬರ್ 1ರಂದು ರೋಮ್‌ನಲ್ಲಿ ಮೈಕೆಲಾಂಜೆಲೋ ಬಿಡಿಸಿದ ಸಿಸ್ಟೀನ್ ಚಾಪೆಲ್ಲಿನ ಒಳಛಾವಣಿಯ ಚಿತ್ರಗಳನ್ನು ಜನ ಮೊದಲ ಸಲ ನೋಡಿದರು. 1755ರಲ್ಲಿ ಲಿಸ್ಬನ್ ಪಟ್ಟಣ ಭೂಕಂಪಕ್ಕೆ ನೆಲಕಚ್ಚಿತು. ಅವತ್ತು ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಇಗರ್ಜಿಗಳು ತುಂಬಿದ್ದವು, ಮೇಣದ ಬತ್ತಿಗಳು ಉರಿಯುತ್ತಿದ್ದವು. ನೆಲ ನಡುಗಿತು, ಕಡಲು ಉಕ್ಕಿ ಬಂತು, ಬೆಂಕಿ ದಿನಗಟ್ಟಲೆ ಉರಿಯಿತು. 1954ರ ಇದೇ ದಿನ ಪುದುಚೇರಿಯ ಆಡಳಿತ ಫ್ರೆಂಚರ ಕೈಯಿಂದ ನಮ್ಮ ಕೈಗೆ ಬಂತು. 1966ರಲ್ಲಿ ಹರಿಯಾಣ, 2000ದಲ್ಲಿ ಛತ್ತೀಸಗಡ ಹುಟ್ಟಿದವು. 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು.

1956ರ ಎದುರು ಅವಳು ಬರೆದಿದ್ದ ಸಾಲು ಇದು: ‘ಕನ್ನಡಿಗರೆಲ್ಲ ಒಂದಾದ ದಿನ.’

ತಿದ್ದುವ ಪೆನ್ನು ‘ಎಲ್ಲ’ ಎಂಬಲ್ಲಿ ನಿಂತುಬಿಟ್ಟಿತು. ಸುಮ್ನೆ ಮುಂದೆ ಹೋಗಬಹುದಿತ್ತು. ಶಾಲೆಯ ಪುಸ್ತಕ, ಭಾಷಣ, ಬ್ಯಾನರು ಎಲ್ಲದರಲ್ಲೂ ಹೀಗೇ ಇರುತ್ತದೆ. ಆದರೆ ನಾನು ಕಾಸರಗೋಡಿನವನು. ನೀರ್ಚಾಲಿನ ಹತ್ತಿರ ನಮ್ಮ ಮನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಆ ‘ಎಲ್ಲ’ದೊಳಗೆ ನಮ್ಮ ಊರು ಇಲ್ಲ. ಅದೇ ದಿನ ನಮ್ಮ ತಾಲೂಕು ಕೇರಳಕ್ಕೆ ಹೋಯಿತು.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ ಹೇಳುತ್ತೇನೆ. 1956ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲೆ ಇದ್ದದ್ದು ಮದರಾಸು ಸಂಸ್ಥಾನದಲ್ಲಿ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ಕ್ಕೆ ವರದಿ ಕೊಟ್ಟಿತು. ಇಡೀ ತಾಲೂಕನ್ನು ಒಂದೇ ತುಂಡು ಎಂದು ತೆಗೆದುಕೊಂಡರೆ ಮಲಯಾಳ ಮಾತಾಡುವವರು ಜಾಸ್ತಿ. ಹಾಗಾಗಿ ತಾಲೂಕು ಕೇರಳಕ್ಕೆ ಎಂದಿತು. ನಮ್ಮವರ ವಾದ ಬೇರೆ. ತಾಲೂಕಿನ ನಡುವೆ ಚಂದ್ರಗಿರಿ ಹೊಳೆ ಹರಿಯುತ್ತದೆ. ಹೊಳೆಯ ತೆಂಕು ದಿಕ್ಕು ಮಲಯಾಳದ್ದು, ಬಡಗು ದಿಕ್ಕು ತುಳು ಕನ್ನಡದ್ದು. ತುಳುನಾಡಿನ ಗಡಿ ಚಂದ್ರಗಿರಿ ಎಂದು ಹಿಂದಿನಿಂದಲೂ ಹೇಳುತ್ತಾ ಬಂದದ್ದು. ಆದರೆ ಲೆಕ್ಕ ಹಾಕುವಾಗ ಹೊಳೆಯನ್ನು ನೋಡಲಿಲ್ಲ.

ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಮೂರು ಕಾಗದಗಳಿವೆ. ಅಪ್ಪನ ಜನನ ಪತ್ರದಲ್ಲಿ ಮದರಾಸು ಸಂಸ್ಥಾನ, ದಕ್ಷಿಣ ಕನ್ನಡ ಜಿಲ್ಲೆ ಎಂದಿದೆ. ಆರು ವರ್ಷಕ್ಕೆ ಕಿರಿಯಳಾದ ಅತ್ತೆಯದರಲ್ಲಿ ಕೇರಳ, ಕಣ್ಣೂರು ಜಿಲ್ಲೆ. ನನ್ನದರಲ್ಲಿ ಕಾಸರಗೋಡು ಜಿಲ್ಲೆ, ಯಾಕೆಂದರೆ 1984ರ ಮೇ 24ಕ್ಕೆ ನಮ್ಮದೇ ಒಂದು ಜಿಲ್ಲೆಯಾಯಿತು. ಮೂವರೂ ಹುಟ್ಟಿದ್ದು ಅದೇ ಮನೆಯ ಅದೇ ನಡುಕೋಣೆಯಲ್ಲಿ. ಅಪ್ಪನ ಕಾಗದ ಮಡಚಿದ ಕಡೆ ಹರಿದಿದೆ. ಅಜ್ಜಿ ಅದಕ್ಕೆ ಅನ್ನದ ಗಂಜಿಯಿಂದ ಇನ್ನೊಂದು ಕಾಗದದ ಪಟ್ಟಿ ಅಂಟಿಸಿದ್ದರು. ಆ ಪಟ್ಟಿ ಯಾವುದೋ ಹಳೇ ಕ್ಯಾಲೆಂಡರಿನದು. ತಿರುಗಿಸಿ ನೋಡಿದರೆ ನಾಲ್ಕೈದು ತಾರೀಕುಗಳು ಈಗಲೂ ಕಾಣುತ್ತವೆ.

1956ರ ನವೆಂಬರ್ 1 ಗುರುವಾರ. ದೀಪಾವಳಿಯ ಹೊತ್ತು, ಮಾರನೇ ದಿನ ಅಮಾವಾಸ್ಯೆ. ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಹೊಸ ಮೈಸೂರು ರಾಜ್ಯವನ್ನು ಉದ್ಘಾಟಿಸಿದರು. ನಿಜಲಿಂಗಪ್ಪನವರು ಮುಖ್ಯಮಂತ್ರಿ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಮುಂಬಯಿಯಿಂದ ಬಂದವು. ಬೀದರ, ಕಲಬುರಗಿ, ರಾಯಚೂರು ಹೈದರಾಬಾದಿನಿಂದ ಬಂದವು. ಕೊಡಗು ಬಂತು, ಮಂಗಳೂರು ಬಂತು. ಎಷ್ಟು ವರ್ಷದ ಕನಸು ಅದು! ಅವತ್ತು ಹಚ್ಚಿದ ದೀಪಗಳ ಬಗ್ಗೆ ಓದುವಾಗ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಆ ಸಂತೋಷ ನನ್ನದೂ ಹೌದು. ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ನಮ್ಮ ಅಂಗಳದಲ್ಲಿ ಬೇರೆ ಥರ ಇತ್ತು. ಕಾನೂನು ಆಗಸ್ಟ್ 31ಕ್ಕೇ ಆಗಿತ್ತು, ಹಾಗಾಗಿ ಸುದ್ದಿ ಹೊಸದಲ್ಲ. ಆದರೂ ದಿನ ಬಂದೇಬಿಟ್ಟಾಗ ಅಜ್ಜ ಪೇಟೆಗೆ ಹೋಗಲಿಲ್ಲವಂತೆ. ನಮ್ಮ ಕಡೆ ದೀಪಾವಳಿ ಎಂದರೆ ಬಲೀಂದ್ರ ಪೂಜೆ. ಅಂಗಳದಲ್ಲಿ ಹಾಲೆಮರದ ಕೊಂಬೆ ನೆಡುತ್ತಾರೆ. ಕಾಡುಹೂ ಸಿಕ್ಕಿಸುತ್ತಾರೆ. ದೀಪ ಇಟ್ಟು, ಅವಲಕ್ಕಿ ಬಡಿಸಿ, ಗದ್ದೆಯ ಕಡೆ ಮುಖ ಮಾಡಿ ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಕರೆದು ಮುಗಿಸುವಾಗ ಉದ್ದಕ್ಕೆ ‘ಕೂ’ ಎನ್ನುತ್ತಾರೆ. ಗುಡ್ಡದಾಚೆಯ ಮನೆಯವರ ‘ಕೂ’ ಕೇಳಿಸಿದರೆ ನಾವು ಮತ್ತೊಮ್ಮೆ ಕೂಗಬೇಕು. ಆ ವರ್ಷ ಅಜ್ಜನ ದನಿ ಏಳಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಪಕ್ಕದ ಮನೆಯವರು ಬಂದು ಕರೆದು ಕೊಟ್ಟರಂತೆ. ಆಮೇಲೆ ಜಗಲಿಯಲ್ಲಿ ಕೂತು ಅಜ್ಜ ಒಂದೇ ಮಾತು ಹೇಳಿದರಂತೆ: “ಅವನಿಗಾದರೆ ವರ್ಷಕ್ಕೆ ಮೂರು ದಿನ ಊರಿಗೆ ಬರ್ಲಿಕ್ಕೆ ಉಂಟು.”

ಬಲೀಂದ್ರನ ವಿಷಯದಲ್ಲಿ ನಮ್ಮ ಊರಿನದೇ ಒಂದು ವಿಶೇಷ ಇದೆ. ಇದೇ ಬಲಿ ಚಕ್ರವರ್ತಿ ಮಲಯಾಳಿಗಳ ಮನೆಗೆ ಓಣಂಗೆ ಬರುತ್ತಾನೆ, ಸಿಂಹ ಮಾಸದಲ್ಲಿ. ನಮ್ಮ ಮನೆಗೆ ದೀಪಾವಳಿಗೆ ಬರುತ್ತಾನೆ, ತುಲಾ ಮಾಸದಲ್ಲಿ. ಕಾಸರಗೋಡಿನ ಕೆಲವು ಮಲಯಾಳಿ ಮನೆಗಳಲ್ಲಿ ದೀಪಾವಳಿಗೂ ಅವನನ್ನು ಕರೆಯುವ ರೂಢಿ ಇದೆ, ಪೊಲಿಯಂದ್ರಂ ಎನ್ನುತ್ತಾರೆ. ರಾಜ ಒಬ್ಬನೇ, ಬರುವ ತಾರೀಕು ಎರಡು. ನವೆಂಬರ್ 1 ಇದರ ಉಲ್ಟಾ. ತಾರೀಕು ಒಂದೇ, ಹಬ್ಬ ಎರಡು. ಆ ಕಡೆ ರಾಜ್ಯೋತ್ಸವ, ಈ ಕಡೆ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ನಾನು ಓದಿದ ಶಾಲೆಯಲ್ಲಿ ಅವತ್ತು ಟೀಚರುಗಳು ಬಿಳಿ ಸೀರೆ, ಚಿನ್ನದ ಅಂಚು ಉಟ್ಟು ಬರುತ್ತಿದ್ದರು. ಸಂಜೆ ಊರಿನ ಗ್ರಂಥಾಲಯದಲ್ಲಿ ಹಳದಿ ಕೆಂಪು ಬಾವುಟ. ಎರಡಕ್ಕೂ ನಾವು ಹೋಗುತ್ತಿದ್ದೆವು. ಚಿಕ್ಕವರಿದ್ದಾಗ ಎರಡು ಕಡೆ ಪಾಯಸ ಸಿಗುತ್ತದೆ ಎಂಬುದಷ್ಟೇ ಗೊತ್ತಿತ್ತು.

ಅದೇ ದಿನ ದಕ್ಷಿಣ ಕನ್ನಡ ಜಿಲ್ಲೆ ಕಳೆದುಕೊಂಡದ್ದು ಕಾಸರಗೋಡು ಮಾತ್ರ ಅಲ್ಲ. ಇದನ್ನು ಮಂಗಳೂರಿನವರಿಗೆ ಹೇಳಿದರೂ ಆಶ್ಚರ್ಯಪಡುತ್ತಾರೆ. ಅರಬ್ಬಿ ಕಡಲಿನ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು ಅಲ್ಲಿಯ ತನಕ ನಮ್ಮ ಜಿಲ್ಲೆಯವೇ! ಮಂಗಳೂರಿನ ಕಲೆಕ್ಟರೇ ಅವರಿಗೂ ಕಲೆಕ್ಟರು. 1956ರ ನವೆಂಬರ್ 1ಕ್ಕೆ ಅವು ಮಲಬಾರಿನ ಲಕ್ಕದೀವ್, ಮಿನಿಕಾಯ್ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಮುಂದೆ 1973ರ ನವೆಂಬರ್ 1. ಮೈಸೂರಿಗೆ ಕರ್ನಾಟಕ ಎಂದು ಹೆಸರಾದ ಅದೇ ದಿನ ಆ ದ್ವೀಪಗಳಿಗೆ ಲಕ್ಷದ್ವೀಪ ಎಂದು ಹೆಸರಾಯಿತು. ಒಂದೇ ಜಿಲ್ಲೆಯಲ್ಲಿದ್ದವರು ಒಂದೇ ತಾರೀಕಿಗೆ ಬೇರೆಯಾಗಿ, ಒಂದೇ ತಾರೀಕಿಗೆ ಹೊಸ ಹೆಸರು ಪಡೆದರು. ಹುಡುಗಿಯ ಪಟ್ಟಿಗೆ ಇದನ್ನು ನಾನೇ ಸೇರಿಸಿದೆ.

ಬೇರೆ ಗಡಿಗಳಲ್ಲೂ ಇದೇ ಕಥೆ. ಕೊಳ್ಳೇಗಾಲ ಮೈಸೂರಿಗೆ ಸೇರಿದ ದಿನವೇ ತಾಳವಾಡಿ ಮದರಾಸಿನಲ್ಲಿ ಉಳಿಯಿತು. ಅಕ್ಕಲಕೋಟೆ, ಜತ್ತ ಮುಂಬಯಿಯಲ್ಲಿ ಉಳಿದವು. ಆದೋನಿ, ಆಲೂರು, ರಾಯದುರ್ಗದವರಿಗೆ ನೆನಪಿನ ತಾರೀಕು ಬೇರೆ, 1953ರ ಅಕ್ಟೋಬರ್ 1. ಬಳ್ಳಾರಿ ಮೈಸೂರಿಗೆ ಬಂತೆಂದು ಸಂಭ್ರಮಪಟ್ಟ ದಿನವೇ ಆ ಮೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಹೊಸ ಆಂಧ್ರಕ್ಕೆ ಹೋದವು.

ಮಂಜೇಶ್ವರದ ಗೋವಿಂದ ಪೈಗಳನ್ನು ಇಲ್ಲಿ ನೆನೆಯಲೇಬೇಕು. ತಾರೀಕು ಎಂದರೆ ಅವರಿಗೆ ಪ್ರಾಣ. ಶಾಸನದ ತಿಥಿ, ವಾರ, ನಕ್ಷತ್ರ ಹಿಡಿದು ಲೆಕ್ಕ ಹಾಕಿ, ಯಾವ ರಾಜ ಯಾವ ಕಾಲದವನು ಎಂದು ಬಿಡಿಸುತ್ತಾ ಕೂರುವವರು. 1949ರಲ್ಲಿ ಮದರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟಿತು, ಕನ್ನಡಕ್ಕೆ ಅದೇ ಮೊದಲು. 1956ರ ಆ ಗುರುವಾರ ಅವರಿಗೆ 73 ವರ್ಷ. ಕನ್ನಡದ ಮೊದಲ ರಾಷ್ಟ್ರಕವಿ ಮಂಜೇಶ್ವರದಲ್ಲೇ ಇದ್ದರು, ರಾಜ್ಯ ಬದಲಾಗಿತ್ತು. 1963ರ ಸೆಪ್ಟೆಂಬರ್ 6ಕ್ಕೆ ತೀರಿಹೋದಾಗಲೂ ಮಂಜೇಶ್ವರ ಕೇರಳದಲ್ಲೇ ಇತ್ತು. ಅಂದಹಾಗೆ ಅವರು ಹುಟ್ಟಿದ್ದು 1883ರ ಮಾರ್ಚ್ 23. 1931ರ ಅದೇ ಮಾರ್ಚ್ 23ಕ್ಕೆ ಭಗತ್ ಸಿಂಗ್, ರಾಜಗುರು, ಸುಖದೇವ್ ನೇಣಿಗೇರಿದರು. ಮಾರ್ಚ್ ತಿಂಗಳ ಮಕ್ಕಳ ಪುಟಕ್ಕೆ ಇದನ್ನು ಈಗಲೇ ಬರೆದಿಟ್ಟಿದ್ದೇನೆ.

ಇನ್ನೊಬ್ಬರು ಪೆರಡಾಲದಲ್ಲಿ ಮೇಷ್ಟ್ರಾಗಿದ್ದ ಕಯ್ಯಾರ ಕಿಞ್ಞಣ್ಣ ರೈ. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ಕೊನೆ ತನಕ ಹೇಳುತ್ತಲೇ ಇದ್ದರು. 1915ರ ಜೂನ್ 8ಕ್ಕೆ ಹುಟ್ಟಿದವರು, ನೂರು ತುಂಬಿಸಿ 2015ರ ಆಗಸ್ಟ್ 9ಕ್ಕೆ ಕಣ್ಣು ಮುಚ್ಚಿದರು. ಗಾಂಧೀಜಿಯ ಹಾದಿಯಲ್ಲಿ ನಡೆದ ಆ ಹಿರಿಯರು ಹೋದದ್ದು ಕ್ವಿಟ್ ಇಂಡಿಯಾ ಚಳವಳಿ ಶುರುವಾದ ದಿನವೇ.

ಜನ ಸುಮ್ಮನಿದ್ದರು ಎಂದುಕೊಳ್ಳಬೇಡಿ. ಕೇರಳದ ಮೊದಲ ಚುನಾವಣೆ 1957ರಲ್ಲಿ. ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ನಿಂತು ಅವಿರೋಧವಾಗಿ ಆಯ್ಕೆಯಾದರು. ಎದುರಿಗೆ ಒಬ್ಬರೂ ಇಲ್ಲ! 1966ರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮಹಾಜನರ ಆಯೋಗ ಬಂತು. 1967ರ ವರದಿಯಲ್ಲಿ ಅವರು ಹೊಳೆಯನ್ನು ನೋಡಿದರು. ಚಂದ್ರಗಿರಿಯ ಬಡಗು ಭಾಗ ಮೈಸೂರಿಗೆ ಸೇರಬೇಕು ಎಂದು ಬರೆದರು. ಆ ವರದಿ ಜಾರಿಗೆ ಬರಲೇ ಇಲ್ಲ.

ಇಷ್ಟೆಲ್ಲ ಹೇಳಿದ್ದು ಮಲಯಾಳಿಗಳ ಮೇಲೆ ಸಿಟ್ಟಿನಿಂದ ಅಲ್ಲ. ನನ್ನ ಬಾಲ್ಯದ ಗೆಳೆಯರಲ್ಲಿ ಅರ್ಧ ಮಂದಿ ಮಲಯಾಳಿಗಳು. ನನಗೆ ಈ ಕೊಲ್ಲಿ ನಾಡಿನಲ್ಲಿ ಮೊದಲ ಕೆಲಸ ಹುಡುಕಿಕೊಟ್ಟದ್ದು ಕಾಸರಗೋಡಿನ ಒಬ್ಬ ಕಾಕ. ನೋವು ಇರುವುದು ಬೇರೆ ಕಡೆ. ಒಂದು ಸಲ ಊರಿನ ಕಚೇರಿಯೊಂದರಲ್ಲಿ ಅಪ್ಪ ಕನ್ನಡದಲ್ಲಿ ಅರ್ಜಿ ಬರೆದು ಕೊಟ್ಟರು. ಕೌಂಟರಿನಲ್ಲಿದ್ದವರಿಗೆ ಓದಲು ಬರಲಿಲ್ಲ. ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎಂದರು. ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕಿದೆ, ಅಪ್ಪನಿಗೆ ಅದು ಗೊತ್ತಿತ್ತು. ಆದರೂ ಜಗಳ ಮಾಡಲಿಲ್ಲ. ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿದ್ದ ಹುಡುಗನ ಹತ್ತಿರ ಮಲಯಾಳದಲ್ಲಿ ಬರೆಸಿ, ಕೆಳಗೆ ಕನ್ನಡದಲ್ಲಿ ರುಜು ಹಾಕಿದರು. ಆ ರುಜು ಎಂದಿಗಿಂತ ದೊಡ್ಡದಾಗಿತ್ತು.

ಇನ್ನು ಬೆಂಗಳೂರಿನ ಕಡೆಯ ಗೆಳೆಯರು “ಕಾಸರಗೋಡಾ? ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀರಿ!” ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಯಕ್ಷಗಾನದ ಪಾರ್ತಿಸುಬ್ಬ ನಮ್ಮ ಕುಂಬಳೆಯವನು, ಬೇಕಲದ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ ಎಂದು ನಾನು ಪ್ರತಿ ಸಲ ಹೇಳುತ್ತೇನೆ. ಮುಂದಿನ ಸಲವೂ ಹೇಳುತ್ತೇನೆ.

ಹುಡುಗಿಯನ್ನು ಕರೆದು ಇಷ್ಟನ್ನೂ ಹೇಳಿದೆ. ಅವಳ ಅಪ್ಪ ಅಮ್ಮ ತುಮಕೂರಿನ ಕಡೆಯವರು. ಅವಳಿಗೆ ಇದೆಲ್ಲ ಹೊಸದು. ಸುಮಾರು ಹೊತ್ತು ಯೋಚಿಸಿ ಕೇಳಿದಳು, “ಅಂಕಲ್, ಹಾಗಾದ್ರೆ ಆ ಸಾಲು ಅಳಿಸಿಬಿಡ್ಲಾ?”

ಬೇಡ ಎಂದೆ. ಅಳಿಸಬೇಕಾದದ್ದು ‘ಎಲ್ಲ’ ಎಂಬ ಒಂದು ಮಾತು ಮಾತ್ರ. ಅವಳು ಅದರ ಮೇಲೆ ಬಿಳಿ ಶಾಯಿ ಹಚ್ಚಿ, ಒಣಗುವ ತನಕ ಊದಿ, ಕೆಳಗೆ ಇನ್ನೊಂದು ಸಾಲು ಬರೆದಳು. ಇಸವಿಯನ್ನು ಎರಡನೇ ಸಲವೂ ಕೆಂಪಿನಲ್ಲೇ ಬರೆದಳು. ನಾಲ್ಕನೇ ಪುಟದಲ್ಲಿ ಅವಳು ಬರೆದ ಹಾಗೆಯೇ ಅಚ್ಚು ಹಾಕಿದ್ದೇವೆ:

1956: ಕನ್ನಡಿಗರು ಒಂದಾದ ದಿನ.
1956: ಕಾಸರಗೋಡಿನ ಕನ್ನಡಿಗರು ಹೊರಗೆ ಉಳಿದ ದಿನ.

ಈಗ ನಿಮ್ಮಲ್ಲಿ ಒಂದು ವಿನಂತಿ. ಆ ದಿನ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತರ ಹತ್ತಿರ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಈ ವಾರವೇ ಫೋನ್ ಮಾಡಿ. ಕಾಸರಗೋಡಿನವರೇ ಆಗಬೇಕಿಲ್ಲ. ಬೀದರದವರು, ಮಡಿಕೇರಿಯವರು, ಹೊಸೂರಿನವರು, ಆದೋನಿಯವರು, ಯಾರಾದರೂ ಸರಿ. ಆ ದಿನ ಶಾಲೆ ಇತ್ತಾ? ಮಿಠಾಯಿ ಹಂಚಿದರಾ? ಸುದ್ದಿ ತಂದವರು ಯಾರು? ಮನೆಯಲ್ಲಿ ಅವತ್ತು ಏನು ಅಡುಗೆ? ಇಂಥದ್ದೇ ಕೇಳಿ. ಅವರು ಹೇಳಿದ ಹಾಗೇ, ಅವರ ಮಾತಿನಲ್ಲೇ ರೆಕಾರ್ಡ್ ಮಾಡಿ ಕಳಿಸಿ, ಬರೆದುಕೊಳ್ಳುವ ಕೆಲಸ ನಮ್ಮದು. ನನ್ನ ಅಜ್ಜಿ ಹೇಳಿದ್ದರಲ್ಲಿ ನನಗೆ ನೆನಪಿರುವುದು ಇಲ್ಲಿ ಬರೆದಷ್ಟೇ. ಆ ರಾತ್ರಿ ಅಜ್ಜನ ಬದಲು ‘ಕೂ’ ಎಂದು ಕರೆದ ಪಕ್ಕದ ಮನೆಯವರು ಯಾರು ಎಂದು ಕೇಳಿಟ್ಟುಕೊಳ್ಳಲಿಲ್ಲ.

ಪ್ರೀತಿಯಿಂದ,
ಸಂಪಾದಕ