ಲೊರೆಂಜೊ ಮನೆ ನೋಡಿ ಬಂದ ಮೇಲೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿಮ್ಮೂರ ಕೆರೆ ದಂಡೆಯಲ್ಲಿ ಪಾರ್ಕ್ ಮಾಡುತ್ತಾರಂತೆ, ಅಲ್ಲಿರುವ ಹಳೇ ಮನೆಯನ್ನೂ ರಿಪೇರಿ ಮಾಡಿಸುತ್ತಾರಂತೆ, ಒಳಗೆ ಏನಿಡುವುದು ಅಂತ ಕೇಳಿದ್ದೆಯಲ್ಲ. ಉತ್ತರ ತಡವಾಯಿತು. ಆದರೆ ಈಗ ಹೇಳುವುದಕ್ಕೆ ಒಂದು ವಿಷಯ ಸಿಕ್ಕಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಯಾಜನೋವಿಯಾದಲ್ಲಿ, ಮ್ಯೂಸಿಯಂ ಆಗಿರುವ ಒಂದು ಹಳೇ ಮನೆ ನೋಡಿ ಬಂದೆ.

ನ್ಯೂಯಾರ್ಕ್ ಅಂದ ತಕ್ಷಣ ಮುಗಿಲೆತ್ತರದ ಕಟ್ಟಡ ನೆನೆಯಬೇಡ. ಕ್ಯಾಜನೋವಿಯಾ ಅದೇ ರಾಜ್ಯದ ನಡುಭಾಗದ ಹಳ್ಳಿ, ಸಿರಕ್ಯೂಸ್ ನಗರಕ್ಕೆ ಹತ್ತಿರ. ಉದ್ದಕ್ಕೆ ಚಾಚಿದ ಒಂದು ಸರೋವರ, ಅದರ ದಕ್ಷಿಣದ ತುದಿಯಲ್ಲಿ, ದಿಬ್ಬದ ಮೇಲೆ ಲೊರೆಂಜೊ ಅನ್ನುವ ಇಟ್ಟಿಗೆ ಮನೆ. ಊರು ಕಟ್ಟಿದವನು ಜಾನ್ ಲಿಂಕ್ಲೇನ್, ಒಬ್ಬ ಡಚ್ ಹುಡುಗ. ಹುಡುಗನೇ ಅನ್ನು, 1793ರಲ್ಲಿ ಅವನಿಗೆ 25 ಕೂಡ ತುಂಬಿರಲಿಲ್ಲ. ಜಮೀನು ಮಾರುವ ಡಚ್ ಕಂಪನಿಯೊಂದರ ಏಜೆಂಟಾಗಿ ಬಂದಿದ್ದ. ಅದಕ್ಕೂ ಮೊದಲು ಆ ನೆಲ ಒನೈಡಾ ಎಂಬ ಮೂಲನಿವಾಸಿ ಜನರದ್ದು. ಮನೆಯ ಚೆಂದ ಹೊಗಳುವವರು ಈ ಮಾತನ್ನು ಸುಮ್ನೆ ದಾಟಿಬಿಡುತ್ತಾರೆ. ನನಗದು ಸರಿ ಕಾಣುವುದಿಲ್ಲ.

ಲಿಂಕ್ಲೇನ್ ಈ ಮನೆ ಕಟ್ಟಲು ಶುರುಮಾಡಿದ್ದು 1807ರಲ್ಲಿ. 1968ರಲ್ಲಿ ಸರ್ಕಾರದ ಕೈಗೆ ಬರುವ ತನಕ ಅದೇ ಕುಟುಂಬದವರ ವಶದಲ್ಲೇ ಇತ್ತು. ನಾನು ಹೇಳಬೇಕೆಂದಿರುವುದು ಇದನ್ನೇ. ಕೊಟ್ಟಿದ್ದು ಬರೀ ಗೋಡೆ, ಚಾವಣಿ ಅಲ್ಲ. ಮೇಜು ಕುರ್ಚಿ, ಪಾತ್ರೆ ಪಡಗ, ಕಾಗದ ಪತ್ರ, ಕುದುರೆಗಾಡಿಗಳ ಸಮೇತ ಕೊಟ್ಟರು. ಹಾಗಾಗಿ ಆ ಕಾಲದ ಕುರ್ಚಿ ಹೀಗಿದ್ದಿರಬಹುದು ಅಂತ ಎಲ್ಲಿಂದಲೋ ತಂದಿಡುವ ಕೆಲಸ ಜಾಸ್ತಿ ಬೀಳಲಿಲ್ಲ. ಅಲ್ಲಿರುವುದು ಅವರೇ ಕೂತೆದ್ದ ಕುರ್ಚಿ. ಹಳೇ ಮನೆಗೆ ಬಣ್ಣ ಬಳಿದು ಹೊಸ ಗೊಂಬೆ ಕೂರಿಸಿದರೆ ಅದು ಮದುವೆ ಛತ್ರದ ಹಾಗೆ ಕಾಣುತ್ತದೆ, ಅಲ್ವಾ?

ತೋಟ ಎಲೆನ್ ಬಿಡಲ್ ಶಿಪ್‌ಮನ್ ಎಂಬಾಕೆ 1914ರಲ್ಲಿ ಯೋಜಿಸಿದ್ದು. ಹೂಪಾತಿಗಳು ಅಚ್ಚುಕಟ್ಟು. ಆದರೆ ನನ್ನ ಕಾಲು ಎಳೆದದ್ದು ಅದರಾಚೆಗಿನ 'ಡಾರ್ಕ್ ಐಲ್'. ಎರಡೂ ಬದಿ ಒತ್ತಾಗಿ ಬೆಳೆದ ಸೂಜಿಎಲೆಯ ಮರಗಳು, ನಡುವೆ ದಾರಿ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಮಬ್ಬು. ಕೆಳಗೆ ಕಂದುಬಣ್ಣದ ಎಲೆಸೂಜಿ ಬಿದ್ದು ಹಾಸಿಗೆಯಾಗಿದೆ, ಹೆಜ್ಜೆ ಸದ್ದೇ ಕೇಳಿಸುವುದಿಲ್ಲ. ಒಂದು ಸೂಜಿ ಎತ್ತಿ ಮುರಿದೆ. ಒಣಗಿದ್ದರೂ ಬೆರಳಿಗೆ ಅಂಟಿನ ವಾಸನೆ ಹತ್ತಿತು. ಇದಕ್ಕೆಲ್ಲ ಟಿಕೆಟ್ ಇಲ್ಲ. ಮನೆಯೊಳಗೆ ಹೋಗುವುದಕ್ಕೆ ಮಾತ್ರ ನಿಗದಿತ ಸಮಯವಿದೆ, ದುಡ್ಡೂ ಕೊಡಬೇಕು. ಊರವರು ಬೆಳಗ್ಗೆ ನಾಯಿ ಹಿಡಿದುಕೊಂಡು ಬಂದು ಸುತ್ತಾಡಿ ಹೋಗುತ್ತಾರೆ. ನಿಮ್ಮ ಪಾರ್ಕಿನಲ್ಲೂ ಹೀಗೇ ಇರಲಿ ಅಂತ ಈಗಲೇ ಹೇಳಿಬಿಡು. ಆಮೇಲೆ ಗೇಟು, ಕೌಂಟರ್ ಎದ್ದರೆ ತೆಗೆಸುವುದು ಕಷ್ಟ.

ಕಂಟ್ರಾಕ್ಟರ್ ಬರುವ ಮುಂಚೆ ಆ ಮನೆಯ ಅಟ್ಟ ಹತ್ತಿ ನೋಡು. ಕಣಜ, ತೊಟ್ಟಿಲು, ಹಳೇ ಲೆಕ್ಕದ ಪುಸ್ತಕ, ಏನಿದ್ದರೂ ಗುಜರಿಗೆ ಹೋಗದಂತೆ ನೋಡಿಕೋ. ಯಾರ ಕಾಲದ್ದು ಅಂತ ಗೊತ್ತಿರುವ ಹಿರಿಯರು ಇದ್ದರೆ ಕೇಳಿ ಬರೆದಿಡು. ಫೋಟೊ ತೆಗೆದು ನನಗೂ ಕಳಿಸು.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಗೆಳೆಯ