ನೀನು ಇರಬೇಕಾಗಿದ್ದ ಮೀಟಿಂಗ್

ಪ್ರೀತಿಯ ದೋಸ್ತ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಳೆ, ಮೆಣಸಿನಕಾಯಿ ರೇಟು ದಾಟಿ ಮುಂದೆ ಬರುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನಾಲ್ಕು ಜನ ಓದುವ ಜಾಗದಲ್ಲಿ ಹಾಕುತ್ತಿರುವುದೂ ಬೇಕೆಂದೇ. ನನ್ನ ಹಾಗೆ ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತು ನಿನ್ನಂಥ ಸೈನಿಕರಿಗೆ ಸಾಮಾನು ಮಾಡುವವರು ಬಹಳ ಜನ ಇದ್ದಾರೆ. ಅವರೂ ಓದಲಿ. ತಹಶೀಲ್ದಾರರ ಸೈಕಲ್ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಹೋದ ತಿಂಗಳು ಬೆಳಗ್ಗೆಯಿಂದ ಸಂಜೆವರೆಗೆ ಒಂದು ಮೀಟಿಂಗ್ ಇತ್ತು. ಮುಂದಿನ 15 ವರ್ಷದಲ್ಲಿ ಸೇನೆಗೆ ಏನೇನು ಸಂಶೋಧನೆ ಆಗಬೇಕು, ಅದರಲ್ಲಿ ಲ್ಯಾಬ್‌ಗಳು ಏನು ಮಾಡಬೇಕು, ನಮ್ಮಂಥ ಸಣ್ಣ ಕಂಪನಿಗಳು ಏನು ಮಾಡಬಹುದು ಎಂದು ಮಾತಾಡುವುದಕ್ಕೆ. ಮೊದಲೆಲ್ಲ ಇಂಥ ಕಡೆ ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. 2018ರಲ್ಲಿ ಐಡೆಕ್ಸ್ ಬಂತು, ಸೇನೆಗೆ ಹೊಸದು ಮಾಡುವ ಸಣ್ಣ ಕಂಪನಿಗಳಿಗೆ ದುಡ್ಡು ಕೊಡುವ ಸರ್ಕಾರದ ಯೋಜನೆ. 2022ರ ಬಜೆಟ್‌ನಲ್ಲಿ ರಕ್ಷಣಾ ಸಂಶೋಧನೆಯ ದುಡ್ಡಿನಲ್ಲಿ ಶೇಕಡಾ 25 ಭಾಗವನ್ನು ಕೈಗಾರಿಕೆ, ಸ್ಟಾರ್ಟಪ್, ಕಾಲೇಜುಗಳಿಗೆ ಅಂತ ತೆರೆದರು. ಆಮೇಲೆ ಪೀಣ್ಯದ ಶೆಡ್ಡಿನವರಿಗೂ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸಿಗುತ್ತಿದೆ. ನನಗೆ ಅದು ನಿಜವಾಗಿಯೂ ಹೆಮ್ಮೆ. ಆವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ.

ಪರದೆ ಮೇಲೆ 2040 ಅಂತ ದೊಡ್ಡದಾಗಿ ಬರೆದಿತ್ತು. ಕೆಳಗೆ ಉದ್ದದ ಪಟ್ಟಿ. ಡ್ರೋನ್ ಹಿಂಡು, ಲೇಸರ್, ಕೃತಕ ಬುದ್ಧಿಮತ್ತೆ, ಕ್ವಾಂಟಮ್. ಪ್ರತಿಯೊಂದರ ಮುಂದೆ 1ರಿಂದ 9ರವರೆಗೆ ಒಂದು ಅಂಕಿ. ತಂತ್ರಜ್ಞಾನ ಎಷ್ಟು ತಯಾರಾಗಿದೆ ಅಂತ ಹೇಳುವ ಆ ಅಂಕಿಯನ್ನು ನಾವು ಟಿಆರ್‌ಎಲ್ ಅನ್ನುತ್ತೇವೆ. 1 ಅಂದರೆ ಕಾಗದದ ಮೇಲಿನ ಯೋಚನೆ. 9 ಅಂದರೆ ನಿನ್ನಂಥವನ ಕೈಯಲ್ಲಿ, ನಿಜವಾದ ಜಾಗದಲ್ಲಿ ಕೆಲಸ ಮಾಡಿ ತೋರಿಸಿದ ವಸ್ತು. 4ರವರೆಗೆ ಎಲ್ಲರೂ ಹುರುಪಿನಿಂದ ಬರುತ್ತಾರೆ. ಲ್ಯಾಬಿನಲ್ಲಿ ದೀಪ ಹತ್ತುತ್ತದೆ, ಫೋಟೊ ತೆಗೆಯುತ್ತಾರೆ. ಅಲ್ಲಿಂದ 7ಕ್ಕೆ ಹೋಗುವ ದಾರಿ ಇದೆಯಲ್ಲ, ಅದೇ ಕಷ್ಟ. ಧೂಳು, ಚಳಿ, ಲಾರಿಯ ಕುಲುಕಾಟ ಎಲ್ಲ ಅಲ್ಲೇ ಸಿಗುವುದು. ಬಹಳಷ್ಟು ಒಳ್ಳೆಯ ಕೆಲಸ ಅಲ್ಲೇ ಸಾಯುತ್ತದೆ.

ಊಟದ ಹೊತ್ತಿಗೆ ನನ್ನನ್ನು ಒಂದು ಯೋಚನೆ ಹಿಡಿದುಕೊಂಡಿತು. ಆ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಬೆಳೆಗಳಿದ್ದವು. ನಿನ್ನ ಹೊಲದ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ತೆಂಗು, ಇನ್ನೊಂದು ಕೊತ್ತಂಬರಿ. ಜೆಟ್ ಎಂಜಿನ್ ತೆಂಗು. ನಮ್ಮ ಬೆಂಗಳೂರಿನ ಎಂಜಿನ್ ಲ್ಯಾಬ್ ಜಿಟಿಆರ್‌ಇಗೆ, ತೇಜಸ್ ಯುದ್ಧವಿಮಾನಕ್ಕಾಗಿ ಕಾವೇರಿ ಎಂಜಿನ್ ಯೋಜನೆ ಮಂಜೂರಾಗಿದ್ದು 1989ರಲ್ಲಿ. ಇನ್ನೂ ತೇಜಸ್ ಹಾರುವುದು ಬೇರೆ ಎಂಜಿನ್ ಮೇಲೆ. ಎಂಜಿನ್ನಿನ ಒಳಗೆ ಕಾದ ಗಾಳಿಗೆ ಎದೆಯೊಡ್ಡಿ ತಿರುಗುವ ಅಲಗನ್ನು ಒಂದೇ ಹರಳಿನಿಂದ ಬೆಳೆಸಬೇಕು. ಹೈದರಾಬಾದಿನ ಲೋಹದ ಲ್ಯಾಬ್ ಡಿಎಂಆರ್‌ಎಲ್ ಅದನ್ನು ಕಲಿತು, 2021ರಲ್ಲಿ ಎಚ್‌ಎಎಲ್‌ಗೆ ಹೆಲಿಕಾಪ್ಟರ್ ಎಂಜಿನ್ನಿಗಾಗಿ ಅಂಥ 60 ಅಲಗು ಕೊಟ್ಟಿತು. ಅದರ ಹಿಂದೆ ಎಷ್ಟೋ ವರ್ಷದ ದುಡಿಮೆ ಇದೆ. ಇಂಥದ್ದಕ್ಕೆ 15 ವರ್ಷದ ಯೋಜನೆ ಬೇಕೇ ಬೇಕು. ನಡುವೆ ಒಂದು ವರ್ಷ ನೀರು ನಿಲ್ಲಿಸಿದರೂ ಗಿಡ ಒಣಗುತ್ತದೆ.

ಡ್ರೋನ್ ಹಾಗಲ್ಲ. ಉಕ್ರೇನಿನಲ್ಲಿ ನೋಡು. ಒಬ್ಬರು ಸಣ್ಣ ಡ್ರೋನ್ ಹಾರಿಸಿದರು, ಇನ್ನೊಬ್ಬರು ರೇಡಿಯೊ ಕೆಡಿಸಿ ಬೀಳಿಸಿದರು. ಆಗ ಮೊದಲಿನವರು ರೇಡಿಯೊ ಬಿಟ್ಟು ಕಿಲೋಮೀಟರ್‌ಗಟ್ಟಲೆ ಉದ್ದದ ಗಾಜಿನ ಎಳೆ ಕಟ್ಟಿ ಹಾರಿಸಿದರು. ಇದು ಕೊತ್ತಂಬರಿ. ತಿಂಗಳೊಪ್ಪತ್ತಿನಲ್ಲಿ ಹಾಕಿ, ಕಿತ್ತು, ಮತ್ತೆ ಹಾಕುವ ಬೆಳೆ. ಇದನ್ನು ತೆಂಗಿನ ಪಕ್ಕ ಒಂದೇ ಕೋಷ್ಟಕದಲ್ಲಿ ಕೂರಿಸಿ, 2040ರವರೆಗೆ ಗೆರೆ ಎಳೆದರೆ ಏನು ಪ್ರಯೋಜನ? ನಾನು ಎದ್ದು ಇದನ್ನು ಹೇಳಿದೆ. ಕೆಲವರು ತಲೆಯಾಡಿಸಿದರು. ಒಬ್ಬರು ಬರೆದುಕೊಂಡರು ಕೂಡ.

ಅಷ್ಟಕ್ಕೇ ಸುಮ್ನಿರಬೇಕಿತ್ತು. ಆದರೆ ಅಲ್ಲಿ ಯಾರೋ ಶತ್ರುವಿನ ತೋಪು ಎಲ್ಲಿದೆ ಅಂತ ಹುಡುಕುವ ಸ್ವಾತಿ ರಾಡಾರ್ ಬಗ್ಗೆ ಮಾತು ತೆಗೆದರು. ನನಗೆ ನಿನ್ನ ನೆನಪು ಬಂತು.

1999ರ ಕಾರ್ಗಿಲ್ ಯುದ್ಧದ ದ್ರಾಸ್ ಬಗ್ಗೆ ನೀನು ನನಗೆ ಹೇಳಿದ್ದು ಒಂದೇ ಸಲ, ನಮ್ಮ ಅಕ್ಕನ ಮದುವೆಯ ಹಿಂದಿನ ರಾತ್ರಿ, ಪಾತ್ರೆ ಕಾಯುತ್ತಾ ಕೂತಾಗ. ನಿನಗೆ ಆಗ 20 ತುಂಬಿತ್ತು. ಬೋಫೋರ್ಸ್ ತೋಪಿಗೆ 40 ಕೆಜಿಗೂ ಜಾಸ್ತಿ ತೂಗುವ ಶೆಲ್ ಎತ್ತಿ ಕೊಡುವ ಕೆಲಸ. ಆಚೆಯಿಂದ ಶೆಲ್ ಬರುವ ಸದ್ದು ಕೇಳುತ್ತದೆ, ಆದರೆ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ ಎಂದಿದ್ದೆ. 'ಕಣ್ಣು ಕಟ್ಟಿ ಹೊಡೆದಾಡಿದ ಹಾಗೆ' ಎಂದಿದ್ದೆ. ಆಚೆಯವರ ಹತ್ತಿರ ಶೆಲ್ ಎಲ್ಲಿಂದ ಬಂತು ಅಂತ ಹುಡುಕುವ ಅಮೆರಿಕದ ಫೈರ್‌ಫೈಂಡರ್ ರಾಡಾರ್ ಇತ್ತು. ನಮ್ಮ ಹತ್ತಿರ ಇದ್ದದ್ದು ಮಾರ್ಟರ್ ಹುಡುಕುವ ಹಳೆಯ ಬ್ರಿಟಿಷ್ ರಾಡಾರ್. ಆ ಯುದ್ಧದಲ್ಲಿ ನಮ್ಮ 527 ಜನ ಹೋದರು. ಅದರಲ್ಲಿ ತೋಪಿನ ಹೊಡೆತಕ್ಕೆ ಸಿಕ್ಕವರೇ ಬಹಳ.

ಈಗ ಸ್ವಾತಿ ಹುಟ್ಟಿದ್ದು ಹೇಗೆ ಕೇಳು. ಆಕಾಶ್ ಕ್ಷಿಪಣಿಗಾಗಿ ಬೆಂಗಳೂರಿನ ರಾಡಾರ್ ಲ್ಯಾಬ್ ಎಲ್‌ಆರ್‌ಡಿಇಯವರು ರಾಜೇಂದ್ರ ಅನ್ನುವ ರಾಡಾರ್ ಮಾಡಿದ್ದರು. ಅದು ಹುಡುಕಬೇಕಾಗಿದ್ದು ವಿಮಾನವನ್ನು. ಒಡಿಶಾದ ಚಾಂದಿಪುರದಲ್ಲಿ ಪರೀಕ್ಷೆ ನಡೆಯುತ್ತಿತ್ತು. ಅಲ್ಲೇ ಪಕ್ಕದಲ್ಲಿ ತೋಪಿನ ಶೆಲ್‌ಗಳನ್ನು ಹಾರಿಸಿ ನೋಡುವ ಇನ್ನೊಂದು ಕೇಂದ್ರ ಇದೆ. ಆ ಶೆಲ್‌ಗಳು ರಾಜೇಂದ್ರದ ಪರದೆ ಮೇಲೆ ಕಾಣಿಸಿಕೊಂಡವು! ಯಾರೂ ಕೇಳಿರಲಿಲ್ಲ, ಯಾವ ಪಟ್ಟಿಯಲ್ಲೂ ಇರಲಿಲ್ಲ. ನೋಡುತ್ತಿದ್ದವರು ಅದನ್ನು ಕಸ ಅಂತ ಒರೆಸಿ ಹಾಕಲಿಲ್ಲ. ಮೇಲೇರುತ್ತಿರುವ ಶೆಲ್ಲಿನ ದಾರಿ ಸ್ವಲ್ಪ ಸಿಕ್ಕರೆ ಸಾಕು, ಲೆಕ್ಕ ಹಾಕಿ ಹಿಂದಕ್ಕೆ ಹೋದರೆ ಅದು ಹೊರಟ ಜಾಗ ಸಿಗುತ್ತದೆ. ಸ್ವಾತಿ ಮಾಡುವುದು ಇದನ್ನೇ. ಸುಮಾರು 30 ಕಿಲೋಮೀಟರ್ ದೂರದ ತೋಪನ್ನು ಶೆಲ್ ನೆಲಕ್ಕೆ ಬೀಳುವ ಮುಂಚೆಯೇ ಗುರುತಿಸುತ್ತದೆ. ತಯಾರಾಗುವುದು ಬಿಇಎಲ್‌ನಲ್ಲಿ. ನಮ್ಮ ಜಾಲಹಳ್ಳಿಯಿಂದ ದ್ರಾಸ್‌ವರೆಗೆ ಒಂದು ದಾರಿ ಇದೆ ಅಂತ ನನಗೆ ಅನ್ನಿಸುವುದು ಇಂಥ ಹೊತ್ತಿನಲ್ಲಿ.

ಆದರೆ ಸ್ವಾತಿಯನ್ನು ಸೇನೆಯ ಮುಖ್ಯಸ್ಥರ ಕೈಗೆ ಒಪ್ಪಿಸಿದ್ದು 2017ರ ಮಾರ್ಚ್‌ನಲ್ಲಿ. ಯುದ್ಧ ಮುಗಿದು ಹೆಚ್ಚುಕಡಿಮೆ 18 ವರ್ಷ. ನಡುವೆ 2002ರಲ್ಲಿ ಅಮೆರಿಕದಿಂದ ಇಂಥ ರಾಡಾರ್ ಕೊಳ್ಳಲು ಒಪ್ಪಂದ ಆಯಿತು, ಅದು ಬೇರೆ. ನಿನ್ನ ಲೆಕ್ಕದಲ್ಲಿ ನೋಡಿದರೆ, 20ರ ಹುಡುಗನಿಗೆ ಬೇಕಾಗಿದ್ದ ಕಣ್ಣು ಬಂದಾಗ ಅವನು ಪೆನ್ಷನ್ ಪೇಪರ್ ಹುಡುಕುತ್ತಿದ್ದ. 2040ಕ್ಕೆ ಇವತ್ತು ಯೋಜನೆ ಹಾಕುವಾಗ ನಾನು ಯಾರಿಗಾಗಿ ಹಾಕುತ್ತಿದ್ದೇನೆ? ಈಗ ಒಂದನೇ ಕ್ಲಾಸಿನಲ್ಲಿ ಅ ಆ ಇ ಈ ತಿದ್ದುತ್ತಿರುವ ಮಗುವಿಗೆ, ಅಲ್ವಾ?

ಮಧ್ಯಾಹ್ನ ಮತ್ತೆ ಸುತ್ತ ನೋಡಿದೆ. ಸೇನೆಯವರು ಇದ್ದರು. ಅಧಿಕಾರಿಗಳು, ತಿಳಿದವರು, ನಮಗಿಂತ ಜಾಸ್ತಿ ಕಷ್ಟ ಕಂಡವರು. ಆದರೆ ಹವಾಲ್ದಾರ್ ಒಬ್ಬರೂ ಇರಲಿಲ್ಲ. ಶೆಲ್ ಎತ್ತಿದವರು, ಸೆಟ್ಟನ್ನು ಬೆನ್ನ ಮೇಲೆ ಹೊತ್ತವರು, ಬ್ಯಾಟರಿ ಬೆಚ್ಚಗಿರಲಿ ಅಂತ ಎದೆಗೆ ಕಟ್ಟಿಕೊಂಡು ಮಲಗಿದವರು ಒಬ್ಬರೂ ಇರಲಿಲ್ಲ. ಡಿಎಫ್‌ಆರ್‌ಎಲ್ ಅನ್ನುತ್ತಿದ್ದ ಮೈಸೂರಿನ ಸೇನಾ ಆಹಾರ ಲ್ಯಾಬಿನವರು ರೂಪಿಸಿದ, ಗಡಿಗೆ ಹೋಗುವ ಚಪಾತಿ ಬಗ್ಗೆ ನೀನು ಒಂದು ಗಂಟೆ ಮಾತಾಡಬಲ್ಲೆ. ನಿಮ್ಮವ್ವನ ರೊಟ್ಟಿ ಮುಂದೆ ಅದು ಏನು ಅಂತಲೂ ಹೇಳಬಲ್ಲೆ. ಆ ಒಂದು ಗಂಟೆ ನಮ್ಮ ಯಾವ ಸ್ಲೈಡಿನಲ್ಲೂ ಇಲ್ಲ.

ಇಲ್ಲಿಗೆ ನಿಲ್ಲಿಸೋಣ ಅಂದುಕೊಂಡೇ ಬರೆಯಲು ಕೂತಿದ್ದು. ಆದರೆ ಇಷ್ಟು ಬರೆದ ಮೇಲೆ ಉಳಿದದ್ದನ್ನು ಬಚ್ಚಿಟ್ಟರೆ ಅದು ಮೋಸ ಆಗುತ್ತದೆ.

ನೀನು ಒಂದು ಸಲ ರಜೆಗೆ ಬಂದಾಗ ನಮ್ಮ ಮನೆಯಲ್ಲಿ ಉಳಿದಿದ್ದೆ. ಮಗಳಿಗೆ ಕೈಗವಸು ಹಾಕಿಸಿ ಆಟ ಆಡಿಸುತ್ತಿದ್ದೆ. ಆಗ ಹೇಳಿದೆ, ನಿಮ್ಮ ಪೋಸ್ಟಿನಲ್ಲಿ ಒಂದು ಸೆಟ್ಟಿನ ಸ್ವಿಚ್ ಎಷ್ಟು ಸಣ್ಣದು ಅಂದರೆ ಕೈಗವಸಿನಲ್ಲಿ ಒತ್ತುವುದಕ್ಕೆ ಆಗುವುದೇ ಇಲ್ಲ ಅಂತ. ಹುಡುಗರು ಕೈಗವಸಿನ ತೋರುಬೆರಳಿನ ತುದಿ ಕತ್ತರಿಸಿಕೊಂಡಿದ್ದಾರೆ ಅಂತ. ಒಬ್ಬ ಹುಡುಗನ ಬೆರಳು ಹಿಮಕ್ಕೆ ಕಪ್ಪಾಗಿ ತುದಿ ತೆಗೆಯಬೇಕಾಯಿತು ಅಂತ. ನೀನು ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಮಳೆ ಬಂತು ಅನ್ನುವ ಹಾಗೆ ಹೇಳಿದೆ. ಆಮೇಲೆ ಆ ಸೆಟ್ಟು ಹೇಗಿದೆ ಅಂತ ಕೈಯಲ್ಲಿ ತೋರಿಸಿದೆ. ಬಲಗಡೆ ಮೂಲೆ, ಎರಡು ಸ್ವಿಚ್, ನಡುವೆ ಒಂದು ದೀಪ.

ದೋಸ್ತ, ಆ ಸ್ವಿಚ್ಚನ್ನು ಅಲ್ಲಿ ಇಟ್ಟವನು ನಾನು.

ದೊಡ್ಡ ಸ್ವಿಚ್ ಹಾಕಿದರೆ ಸೆಟ್ಟಿನ ಮುಂಭಾಗದ ತಗಡು ಸ್ವಲ್ಪ ಅಗಲ ಆಗುತ್ತಿತ್ತು. ಹಾಗಾಗಿ ಸಣ್ಣದು ಹಾಕಿದೆ. ಸೇನೆಯ ಎಲೆಕ್ಟ್ರಾನಿಕ್ ಸಾಮಾನು ಚಳಿ, ಬಿಸಿಲು, ಕುಲುಕಾಟ ತಡೆಯುತ್ತದಾ ಅಂತ ನೋಡುವ ಜೆಎಸ್‌ಎಸ್ 55555ರ ಪರೀಕ್ಷೆಗಳೆಲ್ಲ ಮಾಡಿದ್ದೆವು. ಚಳಿಯ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಇಟ್ಟು ನೋಡಿದ್ದೆವು. ಸೆಟ್ಟು ಪಾಸಾಗಿತ್ತು. ಪೆಟ್ಟಿಗೆಯ ಒಳಗೆ ಸೆಟ್ಟು ಮಾತ್ರ ಹೋಗಿತ್ತು, ಕೈ ಹೋಗಿರಲಿಲ್ಲ. ನಾನು ಬರಿಗೈಯಲ್ಲಿ, ಬೆಂಗಳೂರಿನ ಜನವರಿಯಲ್ಲಿ ಒತ್ತಿ ನೋಡಿ ಸಹಿ ಹಾಕಿದೆ.

ಆ ರಾತ್ರಿ ನಿನಗೆ ಹೇಳಲಿಲ್ಲ. ಅನ್ನ ಬಡಿಸಿದೆ, ಮಜ್ಜಿಗೆ ಬಡಿಸಿದೆ. ಸ್ಟೇಷನ್ನಿಗೆ ಬಿಡಲು ಬಂದಾಗಲೂ ಹೇಳಲಿಲ್ಲ. ಮುಂದಿನ ಸಲ ಸ್ವಿಚ್ ಬದಲಾಯಿಸಿದೆವು, ಅದು ನಿಜ. ಆದರೆ ಯಾಕೆ ಅಂತ ಯಾರಿಗೂ ಹೇಳಲಿಲ್ಲ. 'ವಿನ್ಯಾಸ ಸುಧಾರಣೆ' ಅಂತ ಬರೆದೆ. ಆ ಹುಡುಗ ಯಾವ ಊರಿನವನು ಅಂತ ನಾನು ನಿನ್ನನ್ನು ಇವತ್ತಿಗೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ನಿನಗೆ ಸಿಟ್ಟು ಬಂದರೆ ಬರಲಿ, ಎರಡು ದಿನ ಬಿಟ್ಟು ಫೋನ್ ಮಾಡು.

ಸಾಕು. ನಿನ್ನ ಹೆಂಡತಿ ಇದನ್ನು ಓದಿದರೆ ನಾನು ಬಹಳ ದೊಡ್ಡ ಮಾತಾಡುತ್ತಿದ್ದೇನೆ ಅನ್ನುತ್ತಾಳೆ. ತಂಗ್ಯವ್ವನಿಗೆ ನನ್ನ ನಮಸ್ಕಾರ ಹೇಳು.   ಉಳಿದದ್ದು ನೀನು ಬಂದಾಗ.

ಮುಂದಿನ ಮೀಟಿಂಗ್ ದಸರಾ ಆದ ಮೇಲೆ ಇದೆ. ನಿನ್ನನ್ನು ಕರೆಯಬೇಕು ಅಂತ ಕೇಳಿದ್ದೇನೆ, ಬರಹದಲ್ಲೇ ಕೇಳಿದ್ದೇನೆ. ಒಪ್ಪಿದರೆ ನಮ್ಮ ಮನೆಯಲ್ಲೇ ಇಳಿಯಬೇಕು, ಲಾಡ್ಜ್ ಮಾತು ಎತ್ತಬೇಡ. ಒಪ್ಪದಿದ್ದರೂ ಬಾ. ಮೆಣಸಿನಕಾಯಿ ಒಂದು ಕೆಜಿ ಸಾಕು, ಹೋದ ಸಲದ್ದೇ ಇನ್ನೂ ಇದೆ.

ಮತ್ತೆ, ಆ ತುದಿ ಕತ್ತರಿಸಿದ ಕೈಗವಸು ಒಂದು ನಿನ್ನ ಟ್ರಂಕಿನಲ್ಲಿ ಇದೆ ಎಂದಿದ್ದೆಯಲ್ಲ. ಅದನ್ನು ಮರೆಯದೆ ತಾ. ಮೇಜಿನ ಮೇಲೆ ಇಡಬೇಕು.

ನಿನ್ನ,
ಹಿಂದಿನ ಬೆಂಚಿನ ಗೆಳೆಯ